ಅರ್ಧ ಸ್ವರದ ಅನುಮಾನ

"ಎಲ್ಲಿಂದ ಕದ್ರಿ ಇದನ್ನ?"

ವೇದಿಕೆಯ ಹಿಂದಿನ ಮರದ ಮೆಟ್ಟಿಲು ಇಳಿಯುತ್ತಿದ್ದವನು ಗಕ್ಕನೆ ನಿಂತ. ಕೈಯಲ್ಲಿ ಗಿಟಾರ್ ಇತ್ತು. ಎದುರು ನಿಂತಿದ್ದ ಹೆಂಗಸು ಅವನ ಮುಖವನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಗಿಟಾರಿನ ತಲೆಯ ಮೇಲೆ ನೆಟ್ಟಿತ್ತು.

"ಏನಂದೆ?" ಎಂದ ಅವನು.

"'ಏನಂದ್ರಿ' ಅನ್ನಿ! ನಾನೇನು ನಿಮ್ಮ ಗೆಳತಿಯಲ್ಲ."

ಪಕ್ಕದಲ್ಲೇ ದೊಡ್ಡ ಕೊಳಗದಲ್ಲಿ ಮಾಂಸದ ಸಾರು ಕಲಕುತ್ತಿದ್ದ ಬೊಹುಂಕಾ ಸೌಟು ಎತ್ತಿ ಹಿಡಿದು ನಕ್ಕಳು. "ಅಯ್ಯೋ ಸ್ವತಾವಾ! ಈ ಗುಡ್ಡದ ಮೇಲೆ ಮಂತ್ರಿ ಬಂದ್ರೂ 'ನೀನು'ನೇ ಕಣೇ. ಇಲ್ಲಿ ನಿಂತ್ಕೊಂಡು 'ನೀವು' ಅಂದ್ರೆ ಕೆನ್ನೆಗೆ ಹೊಡೆದ ಹಾಗೆ."

"ಹೊಡೆದ ಹಾಗೇ ಅಂದ್ಕೊಳ್ಳಲಿ!"

ಹತ್ತು ನಿಮಿಷದ ಹಿಂದೆ ಸ್ವತಾವಾ ಮೂರನೆಯ ಸಾಲಿನ ಹಲಗೆಯ ಮೇಲೆ ಬೇಸರದಿಂದ ಕೂತಿದ್ದಳು. ಕೊಲೀನ್ ಊರಿನ ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಸ್ವರಲಿಪಿ ಕಲಿಸುವ ಮೂವತ್ತೊಂಬತ್ತರ ಹೆಂಗಸು ಅವಳು. ಅದೇ ಶಾಲೆಯಲ್ಲಿ ಅಕಾರ್ಡಿಯನ್ ಕಲಿಸುವ ಬೊಹುಂಕಾ ಬಲವಂತ ಮಾಡಿ ಎಳೆದುಕೊಂಡು ಬರದಿದ್ದರೆ, ಬ್ಯಾಂಜೊ, ಗಿಟಾರ್, ಅಗಲ ಅಂಚಿನ ಟೋಪಿಗಳ ಈ ಮೇಳಕ್ಕೆ ಅವಳು ಕಾಲಿಡುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಇಟ್ಟಿರಲಿಲ್ಲ.

ಆಗ ವೇದಿಕೆ ಹತ್ತಿದ ಇವನು ಮೈಕಿಗೆ ಬಾಗಿ ಹೇಳಿದ್ದ, "ಅಹೊಯ್, ಗೆಳೆಯರೇ. ನಾನು ವಿದ್ರಾ. ಈಗ ನುಡಿಸೋ ಗತ್ತು, ಈ ಮಾತಿಲ್ಲದ ಹಾಡು, ದುದೆಕ್ ಕಟ್ಟಿದ್ದು. ಹೆಸರು 'ಸೋಯ್ಕಾ'."

ಅವಳು ಹಲಗೆಯಿಂದ ಎದ್ದೇ ನಿಂತಿದ್ದಳು!

ಸೋಯ್ಕಾ... ನೀಲಿ ರೆಕ್ಕೆಯ, ಕಾಡೆಲ್ಲ ಕಿರುಚಾಡುವ ಹಕ್ಕಿ. ಅಪ್ಪ ತನ್ನ ಜಗಳಗಂಟಿ ಮಗಳಿಗೆ ಇಟ್ಟಿದ್ದ ಬೆಂಕಿಯ ಹೆಸರು. ನದಿ ತೀರದಲ್ಲಿ ಬೆಂಕಿ ಹಾಕಿ ಹಾಡುವವರಿಗೆಲ್ಲ ಇಂಥದೊಂದು ಅಡ್ಡಹೆಸರು. ಅಪ್ಪ ದುದೆಕ್, ತಲೆಯ ಮೇಲೆ ಜುಟ್ಟಿರುವ ಹಕ್ಕಿ. ಈ ಮನುಷ್ಯ ವಿದ್ರಾ, ಅಂದರೆ ನೀರುನಾಯಿ.

ಅವನ ಕೈಯಲ್ಲಿದ್ದದ್ದು ಅಪ್ಪನದೇ ಗಿಟಾರ್. ಅನುಮಾನವೇ ಇರಲಿಲ್ಲ. ಅವಳು ಏಳು ವರ್ಷದವಳಿದ್ದಾಗ ಕಾಡಿನಲ್ಲಿ ಹೆಕ್ಕಿ ಕೊಟ್ಟ ನೀಲಿ ಗರಿಯನ್ನು ಅಪ್ಪ ಅದರ ತಲೆಗೆ ಅಂಟಿಸಿ, ಮೇಲೆ ಮೆರುಗೆಣ್ಣೆ ಬಳಿದಿದ್ದ. ಆ ಗರಿ ಹಾಗೇ ಇತ್ತು. ಅದರಲ್ಲಿ ಅವನು ಅಪ್ಪನ ಗತ್ತನ್ನು ಕುಣಿಯುವ ಹಾಗೆ ನುಡಿಸಿದ್ದ!

"ಇದು ಓಲ್ದ್ರಿಖ್ ಕಲಿವೊದಾ ಅವರ ಗಿಟಾರ್," ಎಂದಳು ಈಗ, ಹಲ್ಲು ಕಚ್ಚಿ.

"ಆ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ."

ಎಂಥ ಸುಳ್ಳುಗಾರ! ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಾನಲ್ಲ!

"ನಾನು ಅವರ ಮಗಳು. ನಾನೇ ಸೋಯ್ಕಾ."

ಅವನು ನಿಟ್ಟುಸಿರು ಬಿಟ್ಟ. ನಲವತ್ತರ ಆಸುಪಾಸು, ಬಿಸಿಲಿಗೆ ಕಂದಿದ ಮುಖ, ದಣಿದ ಕಣ್ಣು. "ನಾನೀಗಷ್ಟೇ ಮೈಕಲ್ಲಿ ಆ ಹೆಸರು ಹೇಳಿದೆ. ಸಾವಿರ ಜನ ಕೇಳಿದ್ದಾರೆ. ಹಳೇ ಅಮೆರಿಕನ್ ಗಿಟಾರ್ ಮೇಲೆ ಎಲ್ಲರಿಗೂ ಆಸೆ. ಎರಡು ವರ್ಷದಲ್ಲಿ ಇಬ್ಬರು ಸೋಯ್ಕಾಗಳು ಬಂದು ಹೋದ್ರು."

"ಏಯ್, ಇವಳು ನಮ್ಮ ಶಾಲೆ ಟೀಚರ್ ಕಣೋ! ಕಳ್ಳಿ ಅಲ್ಲ!" ಬೊಹುಂಕಾ ಕೂಗಿದಳು.

"ಹೋದ ವರ್ಷ ಬಂದ ಸೋಯ್ಕಾ ಹಲ್ಲಿನ ಡಾಕ್ಟರು," ಎಂದ ವಿದ್ರಾ. ಆಮೇಲೆ ಗಿಟಾರನ್ನು ಸ್ವತಾವಾಳ ಕೈಗಿತ್ತ. "ಸೋಯ್ಕಾಗೆ ಈ ಗತ್ತು ಬರುತ್ತೆ. ನುಡಿಸಿ ನೋಡೋಣ."

ಅವಳು ಮೆಟ್ಟಿಲ ಮೇಲೆ ಕೂತಳು. ಮೂರು ತಂತಿ ಆಗಲೇ ಇಳಿದಿದ್ದವು; ಎರಡನೆಯ ತಂತಿಯ ಬಿರಡೆಯನ್ನೂ ತಿರುಗಿಸಿ ಅರ್ಧ ಸ್ವರ ಇಳಿಸಿದಳು. ಅವನ ಹುಬ್ಬು ಗಂಟಾದದ್ದನ್ನು ಗಮನಿಸಲಿಲ್ಲ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಹೆಜ್ಜೆ ಹಾಕತೊಡಗಿತು. ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದ ಅಪ್ಪ ಹೇಳುತ್ತಿದ್ದ, 'ಹೆಬ್ಬೆರಳು ರೈಲು ಕಣೇ. ಉಳಿದೆರಡು ಬೆರಳು ಕಿಟಕಿ ಪಕ್ಕ ಕೂತು ಹಾಡೋರು.'

ಆದರೆ ಈ ರೈಲು ಯಾವಾಗಲೂ ಅಳುತ್ತಲೇ ಹೋಗುತ್ತಿತ್ತು. ಆಸ್ಪತ್ರೆಯವರು ಕೊಟ್ಟ ಅಪ್ಪನ ಚೀಲದಲ್ಲಿ ನೋಟ್ ಪುಸ್ತಕ ಸಿಕ್ಕಿದ ದಿನದಿಂದ, ಎರಡು ವರ್ಷ, ಅವಳು ಇದನ್ನು ನುಡಿಸಿ ನುಡಿಸಿ ಅತ್ತಿದ್ದಳು. ಅಪ್ಪ ಮಗಳ ಹೆಸರಿಟ್ಟು ಕಟ್ಟಿದ ಕೊನೆಯ ಗತ್ತು ಗೋಳಿನದು! ಯಾಕಿರಬಾರದು? 'ಯಾವುದೋ ದೇಶದ ದನಗಾಹಿಗಳ ಹಾಡು ನಕಲು ಮಾಡ್ತಾ ಬದುಕು ಹಾಳು ಮಾಡ್ಕೊಂಡೆ' ಎಂದು ಅವನ ಮುಖದ ಮೇಲೆ ಹೇಳಿ ಬಂದಿದ್ದವಳು ಅವಳೇ ತಾನೇ. ಆಮೇಲೆ ಹನ್ನೆರಡು ವರ್ಷ ಆ ಕಡೆ ಹೋಗಲಿಲ್ಲ. ಹೋಗುವಷ್ಟರಲ್ಲಿ ಅಪ್ಪನೇ ಹೋಗಿದ್ದ.

ನುಡಿಸಿ ಮುಗಿಸಿದಾಗ ಬೊಹುಂಕಾ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ವಿದ್ರಾನ ಮುಖ ಮಾತ್ರ ಕಲ್ಲಾಗಿತ್ತು. ಅವನು ಗಿಟಾರನ್ನು ಮೆತ್ತಗೆ, ಆದರೆ ಗಟ್ಟಿಯಾಗಿ ಹಿಂದಕ್ಕೆ ತೆಗೆದುಕೊಂಡ.

"ನೀವು ಸೋಯ್ಕಾ ಅಲ್ಲ."

"ಏನು?!"

"ದುದೆಕ್ ಇದಕ್ಕೆ ಮೂರು ತಂತಿ ಇಳಿಸ್ತಿದ್ದ. ನೀವು ನಾಲ್ಕು ಇಳಿಸಿದ್ರಿ. ಅವನು ಇದನ್ನ ನುಡಿಸೋವಾಗ ನಗ್ತಿದ್ದ. ನೀವು ನುಡಿಸಿದ್ದು ಸಾವಿನ ಮನೆ ಹಾಡು."

'ನಗ್ತಿದ್ದ...' ಆ ಮಾತು ಮುಳ್ಳಿನಂತೆ ಚುಚ್ಚಿತು. ಅಪ್ಪನ ಅಳುವನ್ನು ಕದ್ದು ಕುಣಿತ ಮಾಡಿದ್ದಲ್ಲದೆ, ಈಗ ನನಗೇ ಪಾಠ ಹೇಳುತ್ತಾನೆ!

"ಅಪ್ಪ ಕೈಯಾರೆ ಬರೆದ ಪುಸ್ತಕ ನನ್ನ ಹತ್ರ ಇದೆ."

"ಹಾಗಾದ್ರೆ ತನ್ನಿ. ಸಾಜಾವಾ ನದಿ ಪಕ್ಕ, ದುದೆಕ್‌ನ ಗುಡಿಸಲಿಂದ ಐವತ್ತು ಹೆಜ್ಜೆಗೆ ನನ್ನ ದೋಣಿ ಮನೆ."

"ಯಾಕೆ? ಪುಸ್ತಕಾನೂ ನುಂಗೋಕಾ?"

ವಿದ್ರಾ ಹೋಗುವ ಮುನ್ನ ಅವಳು ಇಳಿಸಿದ್ದ ತಂತಿಯನ್ನು ಮತ್ತೆ ಏರಿಸಿದ. ಏನನ್ನೋ ಅವಮಾನದಿಂದ ಪಾರು ಮಾಡುವವನಂತೆ!

* * *

ಮುಂದಿನ ಶನಿವಾರ ಬೆಳಿಗ್ಗೆ ನದಿಗುಂಟ ಹೋಗುವ ಪುಟ್ಟ ರೈಲಿನಲ್ಲಿ ಸ್ವತಾವಾ ಕೂತಿದ್ದಳು. ಪುಸ್ತಕದ ಪುಟಗಳ ಫೋಟೊ ತೆಗೆದಿಟ್ಟುಕೊಂಡೇ ಹೊರಟಿದ್ದಳು. ಯಾರಿಗೆ ಗೊತ್ತು, ಕಿತ್ತುಕೊಂಡು ನದಿಗೆ ಎಸೆದರೆ?

ನೇರವಾಗಿ ದೋಣಿ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಕಾಲು ತಾನಾಗಿ ಅಪ್ಪನ ಗುಡಿಸಲ ಕಡೆ ನಡೆಯಿತು. ಅಪ್ಪ ಸತ್ತ ಮೇಲೆ ಅವಳು ಅದರ ಬೀಗ ತೆಗೆದಿರಲಿಲ್ಲ. ಧೈರ್ಯ ಬಂದಿರಲಿಲ್ಲ. ತುಕ್ಕು ಹಿಡಿದ ಬೀಗ ಮೂರನೆಯ ಸಲಕ್ಕೆ ಬಾಯಿ ಬಿಟ್ಟಿತು.

ಬಾಗಿಲು ತಳ್ಳಿದರೆ ಏನೋ ಸರಪರ ಎಂದಿತು. ಕೆಳಗೆ ನೋಡಿದಳು. ಚೀಟಿಗಳು. ಬಾಗಿಲ ಸಂದಿಯಿಂದ ತೂರಿಸಿದ್ದ ಚೀಟಿಗಳು, ಧೂಳು ಕುಡಿದು ಹಳದಿಯಾಗಿದ್ದವು.

'ಸೋಯ್ಕಾ, ನಿಮ್ಮಪ್ಪ ಕುತ್ತಿಗೆ ರಿಪೇರಿಗೆ ಕೊಟ್ಟಿದ್ದ ಗಿಟಾರ್ ನನ್ನ ಹತ್ರ ಇದೆ. ಬಂದು ತಗೊಂಡು ಹೋಗು. ವಿದ್ರಾ.'

'ಸೋಯ್ಕಾ, ಚಳಿಗಾಲ ಬಂತು. ಗಿಟಾರನ್ನ ಒಲೆಯಿಂದ ದೂರ ಇಟ್ಟಿದ್ದೀನಿ, ಮರ ಬಿರಿಯಲ್ಲ, ಹೆದರಬೇಡ.'

'ಸೋಯ್ಕಾ, ನಿನ್ನ ನಿಜವಾದ ಹೆಸರು ಗೊತ್ತಿಲ್ಲ. ಮೇಳಗಳಲ್ಲಿ ನಿನ್ನ ಗತ್ತು ನುಡಿಸ್ತಾ ಇರ್ತೀನಿ. ಕೇಳಿದ್ರೆ ಗುರುತು ಹಿಡಿ.'

ಇನ್ನೂ ನಾಲ್ಕಿದ್ದವು. ಅವಳಿಗೆ ಓದಲಾಗಲಿಲ್ಲ. ಕಳ್ಳ ಎಂದಿದ್ದೆನಲ್ಲ... ಬೊಹುಂಕಾಳ ಎದುರೇ ಕಳ್ಳ ಎಂದಿದ್ದೆನಲ್ಲ!

ಹೊರಗೆ ಹೆಜ್ಜೆ ಸಪ್ಪಳ. ಮೊಣಕಾಲಿನವರೆಗೆ ಒದ್ದೆಯಾಗಿದ್ದ ವಿದ್ರಾ ಬಾಗಿಲಲ್ಲಿ ನಿಂತಿದ್ದ. ಒಮ್ಮೆ ಬೀಗದ ಕೈ ನೋಡಿದ, ಒಮ್ಮೆ ಅವಳ ಕೈಯಲ್ಲಿದ್ದ ಚೀಟಿಗಳನ್ನು. ತಲೆಯ ಟೋಪಿ ತೆಗೆದ.

"ನೀವೇ..." ಎಂದ.

"ಕಲಿವೊದಾ ಅನ್ನೋರು ಗೊತ್ತಿಲ್ಲ ಅಂದ್ರಲ್ಲ," ಎಂದಳು. ದನಿಯಲ್ಲಿ ಈಗ ಆರೋಪವಿರಲಿಲ್ಲ.

"ಹನ್ನೊಂದು ವರ್ಷ ಅವನ ಜೊತೆ ಒಂದೇ ಪಾತ್ರೇಲಿ ಸೂಪ್ ಕುಡಿದೆ. ಮನೆತನದ ಹೆಸರು ಕೇಳ್ಲಿಲ್ಲ. ನಮ್ಮಲ್ಲಿ ಯಾರು ಕೇಳ್ತಾರೆ? ಆಸ್ಪತ್ರೆಗೆ ಹೋಗಿ 'ದುದೆಕ್ ಎಲ್ಲಿದ್ದಾನೆ' ಅಂದೆ. ಅಂಥ ಹಕ್ಕಿ ಯಾವುದೂ ಇಲ್ಲಿ ಸೇರಿಲ್ಲ ಅಂದ್ಲು ನರ್ಸು. ಆ ಮುದುಕ ತೀರ್ಕೊಂಡ ಅಂತ ಆಂಬುಲೆನ್ಸಿನವನು ಆಮೇಲೆ ಹೇಳಿದ." ಅವನು ಟೋಪಿಯನ್ನು ಹಿಂಡುತ್ತಿದ್ದ. "ರೈಲು ನಿಲ್ದಾಣದ ಗೋಡೆ ಮೇಲೆ ಕಪ್ಪು ಅಂಚಿನ ಚೀಟಿ ಅಂಟಿಸಿದ್ರು. ನೋಡಿದ್ದೆ. ಓಲ್ದ್ರಿಖ್ ಕಲಿವೊದಾ. ಯಾರೋ ಪಾಪ, ಅಂದ್ಕೊಂಡು ಮುಂದೆ ಹೋದೆ... ಅವನದೇ ಸಾವಿನ ಚೀಟಿ ಮುಂದೆ!"

ಆ ಚೀಟಿ ಬರೆಸಿದವಳು ಸ್ವತಾವಾ. 'ದುದೆಕ್' ಎಂಬ ಒಂದು ಪದವನ್ನು ಅದರಲ್ಲಿ ಸೇರಿಸಲು ಅವಳಿಗೆ ಅಂದು ನಾಚಿಕೆಯಾಗಿತ್ತು.

* * *

ದೋಣಿ ಮನೆಯಲ್ಲಿ ಅವನು ಅಣಬೆ ಹಾಕಿದ ಆಲೂಗಡ್ಡೆ ಸೂಪ್ ಬಿಸಿ ಮಾಡಿದ. ಅವಳ ಮುಂದಿಟ್ಟ ಬಟ್ಟಲಿಗೆ ಹಿಡಿ ಇರಲಿಲ್ಲ. "ದುದೆಕ್‌ನದು. ಹಿಡಿ ಮುರಿದಿದ್ದೂ ಅವನೇ," ಎಂದ.

ಆಮೇಲೆ ಗಿಟಾರ್ ತಂದು ಅವಳ ತೊಡೆಯ ಮೇಲಿಟ್ಟ. "ತಗೊಳ್ಳಿ. ನಿಮ್ಮದು."

ಅವಳು ಪುಸ್ತಕ ಬಿಚ್ಚಿದಳು. ಆರು ಗೆರೆ, ಗೆರೆಗಳ ಮೇಲೆ ಅಂಕಿ, ಯಾವ ತಂತಿಯನ್ನು ಎಲ್ಲಿ ಒತ್ತಬೇಕು ಅನ್ನುವ ಲೆಕ್ಕ. ಮೇಲೆ ಅಪ್ಪನ ಕೈಬರಹದಲ್ಲಿ ತಂತಿಗಳ ಶ್ರುತಿ, ತಂತಿಗೊಂದು ಸ್ವರದಕ್ಷರ.

"ನನಗೆ ಓದೋಕೆ ಬರಲ್ಲ," ಎಂದ ವಿದ್ರಾ. "ಅವನ ಬೆರಳು ನೋಡಿ ಕಲಿತೋನು ನಾನು."

"ಕೇಳಿ. ದೇ, ಗೇ, ದೇ, ಗೇ, ಬೇ, ದೇ. ಇಲ್ಲಿ, ಬೇ! ಸ್ಪಷ್ಟವಾಗಿದೆ. ಸಾದಾ ಗಿಟಾರಲ್ಲಿ ಕೆಳಗಿಂದ ಎರಡನೇ ತಂತಿ 'ಹಾ'. ಅದನ್ನ ಅರ್ಧ ಸ್ವರ ಇಳಿಸಿದ್ರೆ 'ಬೇ'. ನಮ್ಮ ಶಾಲೆಯ ಆರು ವರ್ಷದ ಮಗೂಗೂ ಗೊತ್ತು."

"ಮಗೂಗೆ ಗೊತ್ತಿರಬಹುದು. ದುದೆಕ್ ಆ ತಂತಿ ಮುಟ್ತಾನೇ ಇರಲಿಲ್ಲ."

"ಹಾಗಾದ್ರೆ ಬರೆದಿದ್ದು ಸುಳ್ಳಾ?"

"ಹಾಗಾದ್ರೆ ನನ್ನ ಕಿವಿ ಸುಳ್ಳಾ?"

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಚೀಟಿ ಬರೆದವನು ಒಳ್ಳೆಯವನೇ ಇರಬಹುದು. ಆದರೆ ಒಳ್ಳೆಯವರಿಗೆ ತಪ್ಪು ನೆನಪು ಇರಬಾರದೆಂದೇನಿದೆ? ಸಮಾಧಾನ ಹೇಳಲು ಕಟ್ಟಿದ ಕತೆಯೂ ಇರಬಹುದು!

ಸಿಟ್ಟಿನಲ್ಲಿ ಅವಳು ಪುಟ ತಿರುವಿದಳು. ಹಿಂದೆ, ಹಿಂದೆ, ಮೊದಲ ಪುಟದವರೆಗೆ. ಆ ಪುಟವನ್ನು ಅವಳು ಈ ಎರಡು ವರ್ಷದಲ್ಲಿ ಬೇಕೆಂದೇ ನೋಡಿರಲಿಲ್ಲ. ಕೆಂಪು ಪೆನ್ಸಿಲಿನಲ್ಲಿ ದೊಡ್ಡದೊಂದು ಗಿಟಾರ್ ಚಿತ್ರ. ಕೆಳಗೆ, 'ಸೋಯ್ಕಾಗೆ ಮೊದಲ ಪಾಠ'. ಆಗ ಅವಳಿಗೆ ಒಂಬತ್ತು ವರ್ಷ.

ಯಾವ ತಂತಿಯನ್ನೂ ಇಳಿಸದ, ಯಾವ ತಂತಿಯನ್ನೂ ಏರಿಸದ ಸಾದಾ ಗಿಟಾರಿನ ಆರು ತಂತಿಗಳ ಹೆಸರು ಅಲ್ಲಿದ್ದವು. ಅವಳು ಗಟ್ಟಿಯಾಗಿ ಓದಿದಳು.

"ಎ, ಆ, ದೇ, ಗೇ, ಬೇ..."

ನಾಲಗೆ ಅಲ್ಲೇ ನಿಂತಿತು.

ಬೇ? ಸಾದಾ ಗಿಟಾರಿನಲ್ಲಿ 'ಬೇ' ಎಲ್ಲಿಂದ ಬಂತು? 'ಹಾ' ಎಲ್ಲಿ?

ಮೂವತ್ತು ವರ್ಷದ ಹಿಂದಿನ ಒಂದು ಸಂಜೆ ಕಣ್ಣ ಮುಂದೆ ಬಂದು ನಿಂತಿತು. ಸಂಗೀತ ಶಾಲೆಗೆ ಸೇರಿದ ಮೊದಲ ವಾರ. ಬ್ಯಾಗನ್ನು ಮೂಲೆಗೆಸೆದು ಪುಟ್ಟ ಹುಡುಗಿ ಕಿರುಚುತ್ತಿದ್ದಾಳೆ, 'ಅಪ್ಪಾ, ನೀನು ತಪ್ಪು ಕಲಿಸಿದ್ದೀಯ! ಅದು ಬೇ ಅಲ್ಲ, ಹಾ! ಎಲ್ಲರೂ ನಕ್ಕರು!' ಅಪ್ಪನಿಗೆ ನಗುವೋ ನಗು. 'ಅಮೆರಿಕಕ್ಕೆ ಓಡಿಹೋದ ಗೆಳೆಯ ಕಳಿಸಿದ ಪುಸ್ತಕದಲ್ಲಿ ಕಲಿತಿದ್ದು ಕಣೇ ನಾನು. ಅವರು ನಮ್ಮ ಹಾಗೆ 'ಹಾ' ಅನ್ನಲ್ಲ. ನಮ್ಮ 'ಹಾ'ನೇ ಅವರ 'ಬೇ'!'

ಅವಳು ಮರೆತಿದ್ದಳು. ಪೂರ್ತಿ ಮರೆತಿದ್ದಳು.

ಅಪ್ಪ ಬದುಕಿಡೀ ಅಮೆರಿಕದವರ ಅಕ್ಷರದಲ್ಲೇ ಬರೆದಿದ್ದ. ಮಗಳು ಶಾಲೆಯ ಕಣ್ಣಿನಲ್ಲಿ ಓದಿ, ಎರಡು ವರ್ಷ ಒಂದು ತಂತಿಯನ್ನು ಕೆಳಗೆಳೆದು ಆ ಗತ್ತನ್ನು ಅಳುವಂತೆ ಮಾಡಿದ್ದಳು. ತಾನೂ ಅತ್ತಿದ್ದಳು.

ಅವಳು ನುಡಿಸತೊಡಗಿದಳು. ಎರಡನೆಯ ತಂತಿಯನ್ನು ಮುಟ್ಟಲಿಲ್ಲ. ಅದೇ ಅಂಕಿ, ಅದೇ ಬೆರಳು... ಮೊದಲ ಸಾಲಿಗೇ ಗತ್ತು ಕಣ್ಣು ಬಿಟ್ಟಿತು! ರೈಲು ಸುರಂಗದಿಂದ ಬಿಸಿಲಿಗೆ ಬಂದಂತೆ. ನೀಲಿ ರೆಕ್ಕೆಯ ಹಕ್ಕಿಯೊಂದು ಕೊಂಬೆಯಿಂದ ಕೊಂಬೆಗೆ ಹಾರುತ್ತ ಇಡೀ ಕಾಡಿನೊಂದಿಗೆ ಜಗಳವಾಡಿದಂತೆ!

ಅಪ್ಪ ಅತ್ತಿರಲಿಲ್ಲ. ಅಪ್ಪ ಅವಳನ್ನು ನೆನೆದು ನಕ್ಕಿದ್ದ.

"ಅವನು ಹೇಳ್ತಿದ್ದ," ವಿದ್ರಾನ ದನಿ ತೇವವಾಗಿತ್ತು, "'ನನ್ನ ಸೋಯ್ಕಾ ಅರ್ಧ ಸ್ವರಕ್ಕೂ ಜಗಳ ಆಡ್ತಾಳೆ. ಬರ್ತಾಳೆ ನೋಡ್ತಿರು. ಬಂದು ಮೊದಲು ಜಗಳಾನೇ ಆಡ್ತಾಳೆ' ಅಂತ."

ಸ್ವತಾವಾ ಗಿಟಾರನ್ನು ತಬ್ಬಿಕೊಂಡು ಅತ್ತಳು. ಅವನು ತಣ್ಣಗಾದ ಸೂಪನ್ನು ಮತ್ತೆ ಒಲೆಯ ಮೇಲಿಟ್ಟ, ಅಷ್ಟೆ.

* * *

ಅಲ್ಲಿಂದ ಪ್ರತಿ ಶನಿವಾರ ಅವಳು ನದಿಗೆ ಹೋದಳು. ಗುಡಿಸಲನ್ನು ಗುಡಿಸಲು, ಕಿಟಕಿಗೆ ಬಣ್ಣ ಬಳಿಯಲು, ಕಾರಣಗಳಿಗೇನು ಬರ!

"ಆ ಕಿಟಕಿಗೆ ಎಷ್ಟು ಸಲ ಬಣ್ಣ ಹೊಡೀತೀಯೇ?" ಬೊಹುಂಕಾ ಶಾಲೆಯ ಕಾರಿಡಾರಿನಲ್ಲಿ ಕಾಡಿಸುತ್ತಿದ್ದಳು. "ನೀರುನಾಯಿ ಹೇಗಿದೆ? ಇನ್ನೂ 'ನೀವು'ನಾ? ನಿಮ್ಮಿಬ್ಬರದು ಪ್ರೇಮಾನೋ, ಪುರಸಭೆ ಮೀಟಿಂಗೋ?"

ಸ್ವತಾವಾ ನಗುತ್ತಿರಲಿಲ್ಲ. ಅವಳೊಳಗೆ ಹೊಸದೊಂದು ಅನುಮಾನ ಗೂಡು ಕಟ್ಟಿತ್ತು.

ಪುಸ್ತಕದಲ್ಲಿ 'ಸೋಯ್ಕಾ' ಹದಿನಾರು ಸಾಲಿಗೆ ನಿಂತುಹೋಗಿತ್ತು. ಅದರ ಮುಂದಿನ ಪುಟ ಖಾಲಿ. ಆದರೆ ವಿದ್ರಾ ನುಡಿಸುವಾಗ ಅಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಜಗಳಗಂಟಿ ಹಕ್ಕಿ ಮೆಲ್ಲಗೆ ಕೆಳಗಿಳಿದು, ನೀರಿನ ಅಂಚಿಗೆ ಬಂದು, ಸುಮ್ಮನೆ ಕೂತಂತೆ ಇನ್ನೊಂದು ಭಾಗವಿತ್ತು. ಅದು ಅಪ್ಪನ ಕೈಯಲ್ಲ. ಅಪ್ಪನ ರೈಲು ಎಂದೂ ಅಷ್ಟು ನಿಧಾನವಾಗಿ ಹೋದದ್ದಿಲ್ಲ.

ಯಾಕೆ ಹೇಳುತ್ತಿಲ್ಲ ಇವನು? ಇನ್ನೇನನ್ನು ಮುಚ್ಚಿಟ್ಟಿದ್ದಾನೆ? ಈ ಅಕ್ಕರೆ ನನಗಾಗಿಯೋ, ದುದೆಕ್‌ನ ಮಗಳೆಂಬ ಋಣಕ್ಕೋ?

ಅಕ್ಟೋಬರ್ ಕೊನೆಯ ಶನಿವಾರ ಮಧ್ಯಾಹ್ನ ಅವನು ದೋಣಿಗಳನ್ನು ದಡಕ್ಕೆಳೆದು ಬೋರಲು ಹಾಕುತ್ತಿದ್ದ. ಅವಳು ಇನ್ನೊಂದು ತುದಿ ಹಿಡಿದಿದ್ದಳು.

"ಇನ್ನು ವಸಂತದ ತನಕ ಇಲ್ಲಿ ಏನೂ ಇರಲ್ಲ," ಎಂದ, ಅವಳತ್ತ ನೋಡದೆ. "ಚಳಿ ಜಾಸ್ತಿ. ನೀವು ಪಾಪ, ಅಷ್ಟು ದೂರದಿಂದ ಬರಬೇಕಾಗಿಲ್ಲ."

ದೋಣಿಯ ತುದಿ ದೊಪ್ಪನೆ ನೆಲಕ್ಕೆ ಬಿತ್ತು.

"ಬರಬೇಡಿ ಅಂತಿದ್ದೀರಾ?"

"ಹಾಗಲ್ಲ..."

"ಮತ್ತೆ ಹೇಗೆ? ಹದಿನೇಳನೇ ಸಾಲಿಂದ ಮುಂದೆ ಯಾರದು?"

ಅವನ ಮುಖ ಬಿಳಿಚಿತು. ಒಂದು ಎಲೆ ಉದುರಿ ಅವರಿಬ್ಬರ ನಡುವೆ ಬಿತ್ತು.

"ಗೊತ್ತಾಯ್ತಾ?" ಎಂದ.

"ಆಗಸ್ಟ್ ತಿಂಗಳಲ್ಲೇ. ನೀವೇ ಹೇಳ್ತೀರ ಅಂತ ಕಾದೆ."

ಅವನು ಬೋರಲು ಹಾಕಿದ ದೋಣಿಯ ಮೇಲೆ ಕುಸಿದು ಕೂತ. "ದುದೆಕ್ ಅರ್ಧಕ್ಕೇ ಬಿಟ್ಟು ಹೋದ. ಮಿಕ್ಕಿದ್ದು ನನ್ನದು. ಅವನ ಹೆಸರಲ್ಲೇ ನುಡಿಸಿದೆ. ತಪ್ಪು ಮಾಡಿದೆ."

"ಯಾಕೆ?"

"ಹೇಗೆ ಹೇಳ್ಲಿ?" ಅವನು ಕೈಗಳನ್ನು ನೋಡಿಕೊಂಡ. "ಹನ್ನೊಂದು ವರ್ಷ ಅವನ ಬಾಯಲ್ಲಿ ನಿಮ್ಮ ಮಾತೇ. ಭಯ ಆದ್ರೆ ಸಿಳ್ಳೆ ಹಾಕ್ತಾಳೆ. ಸೋಲೋದು ಗೊತ್ತಾದ್ರೆ ಇನ್ನೂ ಜೋರಾಗಿ ಜಗಳ ಆಡ್ತಾಳೆ. ಕೇಕಿನಲ್ಲಿ ಗಸಗಸೆ ಮಾತ್ರ ಕೆರೆದು ತಿಂದು, ಮಿಕ್ಕಿದ್ದನ್ನ ಅಪ್ಪನ ತಟ್ಟೆಗೆ ಹಾಕ್ತಾಳೆ... ಅವನು ಹೋದ ಮೇಲೆ ಆ ಮಾತು ನಿಂತುಹೋಯ್ತು. ಮನೆ ಖಾಲಿ ಆದ ಹಾಗಾಯ್ತು. ಮುಖಾನೇ ನೋಡದ ಹೆಂಗಸು ಒಂದು ದಿನ ಬಂದು ಇಲ್ಲಿ ಸುಮ್ಮನೆ ಕೂತ್ರೆ ಹೇಗಿರುತ್ತೆ ಅಂತ ಯೋಚಿಸ್ತಾ ಯೋಚಿಸ್ತಾ... ಬೆರಳೇ ಕಟ್ಟಿಬಿಡ್ತು ಅದನ್ನ."

ಸ್ವತಾವಾ ಒಂದು ಹೆಜ್ಜೆ ಹತ್ತಿರ ಬಂದಳು.

"ಆಮೇಲೆ ನೀವು ಬಂದ್ರಿ," ಎಂದ, ಬಾಡಿದ ನಗೆ ನಕ್ಕು. "ಬಂದವರೇ ಕಳ್ಳ ಅಂದ್ರಿ."

"ಕಳ್ಳನೇ! ಕೇಳದೆ ನನ್ನ ಗತ್ತಿನ ಒಳಗೆ ಬಂದು ಕೂತವನು ಕಳ್ಳ ಅಲ್ದೆ ಮತ್ತೇನು?"

"ಹಾಗಾದ್ರೆ ತೆಗೆದುಬಿಡ್ತೀನಿ. ಹದಿನಾರಕ್ಕೇ ನಿಲ್ಲಿಸ್ತೀನಿ."

"ನಿಲ್ಲಿಸಿ ನೋಡಿ!" ಎಂದಳು. ಕಣ್ಣು ತುಂಬಿ ಬಂದಿತ್ತು. ತಾನು ಸಣ್ಣಗೆ ಸಿಳ್ಳೆ ಹಾಕುತ್ತಿದ್ದೇನೆಂದು ಅವಳಿಗೆ ಅರೆಕ್ಷಣ ತಡವಾಗಿ ಗೊತ್ತಾಯಿತು. ಹದಿನೇಳನೆಯ ಸಾಲು! ಅವನಿಗೂ ಕೇಳಿಸಿತ್ತು.

ಅವಳು ಪಕ್ಕದಲ್ಲಿ ಕೂತಳು.

"ಒಂದು ಕೇಳ್ಲಾ?" ಎಂದಳು. "ಚೀಟಿಗಳಲ್ಲಿ 'ನೀನು' ಅಂತ ಬರೆದಿದ್ರಿ. ಈಗ ಯಾಕೆ ಬಾಯಿ ಬಿಟ್ರೆ 'ನೀವು'?"

"ನೀವೇ ಹೇಳಿದ್ರಲ್ಲ, 'ಏನಂದ್ರಿ' ಅನ್ನಿ ಅಂತ. ಆಮೇಲೆ ಹೆಂಗಸು ತಾನಾಗಿ ಒಪ್ಪೋ ತನಕ ಗಂಡಸು 'ನೀನು' ಅನ್ನೋ ಹಾಗಿಲ್ಲ. ನಮ್ಮಮ್ಮ ಕಲಿಸಿದ್ದು." ಅವನು ಎಲೆಯೊಂದನ್ನು ಕಾಲಿನಿಂದ ಸರಿಸಿದ. "ಜುಲೈಯಿಂದ ಕಾಯ್ತಾ ಇದ್ದೀನಿ."

ಅವಳು ಬಲಗೈ ಚಾಚಿದಳು. 'ನೀನು' ಅನ್ನಲು ಒಪ್ಪಿಗೆ ಕೊಡುವಾಗ ಎಲ್ಲರೂ ಮಾಡುವಂತೆ ಕೈ ಕುಲುಕಿ, ತನ್ನ ಹೆಸರು ಹೇಳಿದಳು.

"ಸ್ವತಾವಾ."

ಆಗ ಅವಳಿಗೆ ಹೊಳೆಯಿತು, ಈ ಮನುಷ್ಯನ ನಿಜವಾದ ಹೆಸರೇ ತನಗೆ ಗೊತ್ತಿಲ್ಲ! ಅವಳೂ ಕೇಳಿರಲಿಲ್ಲ. ಅಪ್ಪನ ಮಗಳೇ ಸರಿ!

ಅವನು ಅವಳ ಕೈಯನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಂಡ. ತುಟಿಗಳಷ್ಟೇ ಅಲುಗಿದವು.

"ಹಿನೆಕ್."

ನೀರಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಇನ್ನೊಮ್ಮೆ ಕೇಳಬೇಕೆನಿಸಿತೋ...

"ಏನಂದೆ?" ಎಂದಳು.

ಅವನ ದಣಿದ ಕಣ್ಣುಗಳಲ್ಲಿ ತುಂಟತನ ಮಿನುಗಿತು. "'ಏನಂದ್ರಿ' ಅನ್ನಿ. ನಾನೇನು ನಿಮ್ಮ..."

"ಅನ್ನಲ್ಲ," ಎಂದಳು ಸ್ವತಾವಾ, ಅವನ ಭುಜಕ್ಕೆ ತಲೆಯಾನಿಸುತ್ತ. "ಇನ್ನು ಯಾವತ್ತೂ ಅನ್ನಲ್ಲ. ಹೇಳು, ಹೆಸರು ಹೇಳು... ಇನ್ನೊಂದ್ಸಲ."